ಅಲ್ ಸದ್ದಿನಿಂದ ಅಲ್ ಗರಾಫಾಕ್ಕೆ ಮಿಂಚಿನ ಯುದ್ಧ

ಒಂದು ಕೆಲಸ ಬೇಗ ಮುಗಿಯಿತು ಎಂದರೆ ಅದರ ಹಿಂದೆ ಯಾರದೋ ತಲೆ ಓಡಿರಲೇಬೇಕು ಎಂದು ಜನ ನಂಬುತ್ತಾರೆ. ತಡವಾದರೆ ಮಾತ್ರ ಯಾರ ತಲೆಯೂ ಹೊಣೆಯಲ್ಲ, ಟ್ರಾಫಿಕ್ ಹೊಣೆ. ನಮ್ಮ ಕುಟುಂಬದ ಚರಿತ್ರೆಯಲ್ಲಿ ಹಾಗೆ ಬೇಗ ಮುಗಿದ ಕೆಲಸ ಒಂದೇ ಒಂದು ಇದೆ. ಅದರ ಹಿಂದೆ ಓಡಿದ ತಲೆ ನನ್ನದು ಎಂದು ನಂಬಿದವರು ದೋಹಾದಲ್ಲಿ ಸಾಕಷ್ಟು ಮಂದಿ ಇದ್ದರು. ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಎದೆ ಸೆಟೆಸಿ ನಿಂತಿದ್ದವನು ನಾನೇ.

ನಾನು ಶಿಸ್ತಿನ ಮನುಷ್ಯ. ಹೊಗಳಿಕೊಳ್ಳಲು ಹೇಳುತ್ತಿಲ್ಲ, ಎತ್ತರ, ರಕ್ತದ ಗುಂಪು ಇದ್ದ ಹಾಗೆ ಇದೂ ಒಂದು ಸಂಗತಿ. ಮಂಗಳೂರಿನ ಕಡೆ ಪಾದ್ರಿಗಳು ನಡೆಸುತ್ತಿದ್ದ ಬೋರ್ಡಿಂಗಿನಲ್ಲಿ ಬೆಳೆದವನು. ಅಲ್ಲಿ ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಗಂಜಿಗೆ ಗಂಟೆ, ಗಂಜಿ ಮುಗಿಸುವುದಕ್ಕೆ ಇನ್ನೊಂದು ಗಂಟೆ. ಅಲ್ಲಿಂದ ಹೊರಬಿದ್ದು ಕತಾರಿಗೆ ಬಂದವನು ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಆದೆ. ಕ್ಯಾಂಪಿನಿಂದ ಲುಸೈಲಿನ ಸೈಟಿಗೆ ಕೆಲಸಗಾರರ ಬಸ್ಸುಗಳನ್ನು ಬೆಳಕು ಹರಿಯುವ ಮೊದಲೇ ಹೊರಡಿಸುವುದು ನನ್ನ ಕೆಲಸ. ಕೊರಳಲ್ಲಿ ಒಂದು ಸೀಟಿ. ಊದಿದರೆ ಬಸ್ಸು ಹೊರಡಬೇಕು. ಈಗ ನಿವೃತ್ತನಾಗಿ ದೋಹಾದ ಅಲ್ ಸದ್ದಿನಲ್ಲಿ ಮಗ ಸೊಸೆಯ ಫ್ಲ್ಯಾಟಿನಲ್ಲಿ ಇದ್ದೇನೆ. ಬಸ್ಸುಗಳು ಹೋದವು, ಸೀಟಿ ಉಳಿದಿದೆ. ಮನೆಯ ಚಪ್ಪಲಿಗಳೆಲ್ಲ ಬಾಗಿಲ ಬಳಿ ಸಾಲಾಗಿ, ಮೂತಿ ಹೊರಗೆ ಮಾಡಿ ನಿಲ್ಲಬೇಕು. ಬೆಂಕಿ ಬಿದ್ದರೆ ಓಡಲು ಅನುಕೂಲ. ಫ್ರಿಜ್ಜಿನಲ್ಲಿ ಮಜ್ಜಿಗೆ ಬಾಟಲಿಗಳು ಅವಧಿ ಮುಗಿಯುವ ಕ್ರಮದಲ್ಲಿ ನಿಲ್ಲಬೇಕು. ನನ್ನ ಹೆಂಡತಿ ಫಿಲೋಮಿನಾ, ನಿಮಗೆ ಬೇಕಾದದ್ದು ಮನೆಯಲ್ಲ ಡಿಪೋ ಎನ್ನುತ್ತಾಳೆ. ಅವಳು ಅದನ್ನು ದೂರು ಎಂದು ಹೇಳುತ್ತಾಳೆ, ನಾನು ಪ್ರಶಂಸೆ ಎಂದು ತೆಗೆದುಕೊಳ್ಳುತ್ತೇನೆ. ಹೀಗಾಗಿ ನಮ್ಮ ದಾಂಪತ್ಯ ಇಷ್ಟು ವರ್ಷ ಸುಗಮವಾಗಿ ನಡೆದಿದೆ.

ಬೇಗ ಮುಗಿದ ಕೆಲಸ ಎಂದೆನಲ್ಲ, ಅದು ಮನೆ ಶಿಫ್ಟ್ ಮಾಡಿದ್ದು. ಈ ಊರಿನಲ್ಲಿ ನಮ್ಮಂಥವರ ಮನೆ ಯಾವುದೂ ಶಾಶ್ವತವಲ್ಲ. ಬಾಡಿಗೆ ಕರಾರು ಮುಗಿಯುತ್ತದೆ, ಮಕ್ಕಳ ಶಾಲೆ ದೂರವಾಗುತ್ತದೆ, ಕಟ್ಟಡವನ್ನೇ ಕೆಡವುತ್ತಾರೆ. ಶುಕ್ರವಾರ ಬಂತೆಂದರೆ ಯಾರದಾದರೂ ಸೋಫಾ ಪಿಕಪ್ಪಿನ ಮೇಲೆ ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಮಲಗಿ ಹೋಗುತ್ತಿರುತ್ತದೆ. ಸಾಮಾನ್ಯವಾಗಿ ಇದು ಎರಡು ದಿನದ ನರಕ, ಆಮೇಲೆ ಎರಡು ತಿಂಗಳು ಚಮಚ ಹುಡುಕುವ ಕೆಲಸ. ನಾವು ಕೆಲವು ವರ್ಷಗಳ ಹಿಂದೆ ಹಳೆಯ ಕಟ್ಟಡದಿಂದ ಎರಡು ಗಲ್ಲಿ ಆಚೆಗಿನ ಈಗಿನ ಕಟ್ಟಡಕ್ಕೆ ಬಂದಾಗ ಮಾತ್ರ, ಶುಕ್ರವಾರ ಬೆಳಿಗ್ಗೆ ಶುರುವಾದದ್ದು ನಡುಹಗಲಿನ ಜುಮಾ ನಮಾಜಿಗೆ ಮೊದಲೇ ಮುಗಿದುಹೋಯಿತು. ಮಧ್ಯಾಹ್ನ ಹೊಸ ಮನೆಯ ಮೇಜಿನ ಮೇಲೆ ಬಂಗುಡೆ ಸಾರು ಹಬೆಯಾಡುತ್ತಿತ್ತು. ಇದೇ ಕಟ್ಟಡದ ಮೂರನೇ ಮಹಡಿಯ ಹಮೀದರು ನೋಡಲು ಬಂದು ಬಾಗಿಲಲ್ಲೇ ನಿಂತರು. ಹಮೀದರು ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನರು, ಇಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ನಮ್ಮ ಕಡೆ ಕ್ರಿಶ್ಚಿಯನರನ್ನು ಪೊರ್ಬುಗಳು ಎನ್ನುವ ವಾಡಿಕೆ ಇರುವುದರಿಂದ ಅವರು ನನ್ನನ್ನು ಪೊರ್ಬುಗಳೇ ಎನ್ನುತ್ತಾರೆ, ನಾನು ಅವರನ್ನು ಬ್ಯಾರಿಗಳೇ ಎನ್ನುತ್ತೇನೆ. ನಿಜವಾದ ಹೆಸರು ಆಸ್ಪತ್ರೆಯಲ್ಲಿ ಮಾತ್ರ ಬೇಕಾಗುತ್ತದೆ. ಅವರು ಆ ದಿನ, "ಎಂತ ಪೊರ್ಬುಗಳೇ, ಇದು ಶಿಫ್ಟಿಂಗಾ ಮಿಂಚಾ?" ಎಂದು ಕೇಳಿ ನಕ್ಕರು. ಆ ನಗು ಸ್ವಲ್ಪ ಬೇರೆ ತರಹ ಇತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವಾರವೇ ಟಿವಿಯಲ್ಲಿ ಎರಡನೇ ಮಹಾಯುದ್ಧದ ಕಾರ್ಯಕ್ರಮ ನೋಡಿದೆ. ಯುರೋಪಿನ ನಕಾಶೆ, ಅದರ ಮೇಲೆ ಜರ್ಮನಿಯಿಂದ ಹೊರಟ ದಪ್ಪ ಕಪ್ಪು ಬಾಣಗಳು. ಬಾಣಗಳು ಎಲ್ಲೂ ನಿಲ್ಲುವುದಿಲ್ಲ, ದಾರಿ ಕೇಳುವುದಿಲ್ಲ, ಮೂತ್ರಕ್ಕೆ ಇಳಿಯುವುದಿಲ್ಲ. ಇದಕ್ಕೆ ಮಿಂಚಿನ ಯುದ್ಧ ಎನ್ನುತ್ತಾರೆ, ಮೊದಲು ಟ್ಯಾಂಕುಗಳು ನುಗ್ಗುತ್ತವೆ, ಉಳಿದವರು ಹಿಂದಿನಿಂದ ಬರುತ್ತಾರೆ ಎಂದು ಗಂಭೀರ ದನಿಯೊಂದು ವಿವರಿಸಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ನಾನು ಮಾಡಿದ್ದೇ ಅಲ್ಲವೇ. ಸೋಫಾ ಮೊದಲು, ಕಪಾಟು ನಂತರ, ಚಿಲ್ಲರೆ ಪಾತ್ರೆಗಳು ಹಿಂದಿನಿಂದ. ಅಂದಿನಿಂದ ಚರ್ಚಿನಲ್ಲಿ ಮಾಸ್ ಮುಗಿದ ಮೇಲೆ ಅಂಗಳದಲ್ಲಿ, ಬ್ಯಾಪ್ಟಿಸಂ ಪಾರ್ಟಿಗಳಲ್ಲಿ, ಯಾರದೋ ಬೀಳ್ಕೊಡುಗೆಯಲ್ಲಿ, ನಾನು ಮೇಜಿನ ಮೇಲೆ ಫೋರ್ಕುಗಳನ್ನು ಬಾಣಗಳಾಗಿ ಜೋಡಿಸಿ ನಮ್ಮ ಶಿಫ್ಟಿಂಗನ್ನು ವಿವರಿಸತೊಡಗಿದೆ. ಫೋರ್ಕು ಕಾಣೆಯಾದವರು ನನ್ನ ಮೇಜಿಗೆ ಬಂದು ಹುಡುಕುವ ಪದ್ಧತಿ ಶುರುವಾಯಿತು. ಆ ಯುದ್ಧದಲ್ಲಿ ಮಣ್ಣುಪಾಲಾದವರ ವಿಷಯ ತಮಾಷೆಯದ್ದಲ್ಲ ಎಂದು ನನಗೂ ಗೊತ್ತು. ತಮಾಷೆ ಏನಿದ್ದರೂ ನನ್ನಂಥ ಊಟದ ಮೇಜಿನ ಜನರಲ್‌ಗಳದು.

ಈ ಕೀರ್ತಿಗೆ ಮೊದಲ ಗುಂಡು ಹೊಡೆದವಳು ನನ್ನ ಮೊಮ್ಮಗಳು ಅನಿಶಾ. ಹತ್ತನೇ ತರಗತಿ. ಅವಳ ಕನ್ನಡ ಹಸಿವಾದಾಗ ಮತ್ತು ಏನಾದರೂ ಬೇಕಾದಾಗ ಚೆನ್ನಾಗಿರುತ್ತದೆ, ಉಳಿದಂತೆ ಇಂಗ್ಲಿಷ್. ಶಾಲೆಯಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದರು. ಜರ್ಮನರ ಮಿಂಚಿನ ಯುದ್ಧ ಎಂಬುದು ನಿಜವಾಗಿ ಒಂದು ಯುದ್ಧಸಿದ್ಧಾಂತವಾಗಿತ್ತೇ ಎಂಬುದು ವಿಷಯ. ಇರಲಿಲ್ಲ ಎಂದು ವಾದಿಸುವುದು ಇವಳ ಪಾಲಿಗೆ ಬಂದಿತ್ತು. ನಾನು ನಕ್ಕೆ. ಪಾಪ ಮಗು, ಚೀಟಿ ಎತ್ತುವಾಗ ಕೈ ತಪ್ಪಿದೆ, ಟೀಚರಿಗೆ ಹೇಳಿ ಪಕ್ಷ ಬದಲಾಯಿಸಿಕೊ ಎಂದೆ. ಅವಳು ಬದಲಾಯಿಸಿಕೊಳ್ಳಲಿಲ್ಲ. ಎದುರು ಕೂತು ಅರ್ಧ ಇಂಗ್ಲಿಷಿನಲ್ಲಿ ನನ್ನ ಬಾಣಗಳನ್ನು ಒಂದೊಂದಾಗಿ ಮುರಿಯುತ್ತ ಹೋದಳು. ಆ ಹೆಸರನ್ನು ಜರ್ಮನ್ ಸೈನ್ಯ ತನ್ನ ಸಿದ್ಧಾಂತದ ಅಧಿಕೃತ ಹೆಸರಾಗಿ ಇಟ್ಟುಕೊಂಡಿರಲೇ ಇಲ್ಲವಂತೆ. ಅದನ್ನು ಊರೂರಿಗೆ ಹಬ್ಬಿಸಿದ್ದು ಪತ್ರಿಕೆಯವರಂತೆ. ಬೇಗ ನುಗ್ಗಿ ಬೇಗ ಮುಗಿಸಬೇಕೆಂಬ ಹಳೆಯ ಆಸೆ ಅವರಲ್ಲಿ ಇತ್ತಂತೆ, ಆದರೆ ಆಸೆಗೆ ಸಿದ್ಧಾಂತ ಎನ್ನುವುದಿಲ್ಲವಂತೆ. ಟ್ಯಾಂಕುಗಳು ಸ್ವಲ್ಪವೇ, ಸೈನ್ಯದ ಬಹುಪಾಲು ನಡೆದುಕೊಂಡೂ ಕುದುರೆಗಾಡಿಯಲ್ಲೂ ಹೋದದ್ದಂತೆ. ಫ್ರಾನ್ಸಿನಲ್ಲಿ ಮೇಲಿನವರು ನಿಲ್ಲಿ ನಿಲ್ಲಿ ಎನ್ನುತ್ತಿದ್ದಾಗ ಕೆಳಗಿನ ಕೆಲವು ಅಧಿಕಾರಿಗಳು ಕೇಳದೆ ಮುಂದೆ ಓಡಿದರಂತೆ, ಅದೃಷ್ಟಕ್ಕೆ ಗೆದ್ದರಂತೆ, ಗೆದ್ದ ಮೇಲೆ ಎಲ್ಲರೂ ಇದು ನಮ್ಮ ಪ್ಲಾನು ಎಂದರಂತೆ. ಆಮೇಲೆ ಆ ಕಥೆಯನ್ನು ತಾವೇ ನಂಬಿ ರಷ್ಯಾಕ್ಕೆ ಹೋಗಿ ಕೆಸರಿನಲ್ಲೂ ಹಿಮದಲ್ಲೂ ಹೂತುಕೊಂಡರಂತೆ.

ಹಾಗಾದರೆ ಅವರಲ್ಲಿ ಏನೂ ಇರಲಿಲ್ಲವೇ ಎಂದು ನಾನು ಜಗ್ಗದೆ ಕೇಳಿದೆ. ಇತ್ತು ಎಂದು ಒಪ್ಪಿದಳು. ಟ್ಯಾಂಕಿಗೆ ರೇಡಿಯೋ ಇತ್ತು, ತರಬೇತಿ ಇತ್ತು, ಗುರಿ ಹೇಳಿ ದಾರಿಯನ್ನು ಕೆಳಗಿನವರ ಬುದ್ಧಿಗೆ ಬಿಡುವ ಒಂದು ಒಳ್ಳೆಯ ಪದ್ಧತಿ ಇತ್ತು. ಈ ಕೊನೆಯದು ನನಗೆ ಹಿಡಿಸಲಿಲ್ಲ. ದಾರಿಯನ್ನು ಡ್ರೈವರನ ಬುದ್ಧಿಗೆ ಬಿಟ್ಟಿದ್ದರೆ ನನ್ನ ಬಸ್ಸುಗಳು ಇಂದಿಗೂ ಸೌದಿ ಗಡಿಯಲ್ಲಿ ಸುತ್ತುತ್ತಿರುತ್ತಿದ್ದವು. ಬೇರೆಯವರದು ಬಿಡು, ನಮ್ಮ ಶಿಫ್ಟಿಂಗ್ ನೋಡು, ಅದು ಮಿಂಚಿನ ಯುದ್ಧ ಅಲ್ಲದಿದ್ದರೆ ಮತ್ತೇನು ಎಂದು ಸವಾಲು ಹಾಕಿದೆ. ಅಲ್ಲಿಗೆ ಕೆಟ್ಟಿತು. ಅವಳು ವಕೀಲರ ಹಾಗೆ ಕಾಲ ಮೇಲೆ ಕಾಲು ಹಾಕಿದಳು.

"ಗ್ರ್ಯಾಂಪಾ, ಅವತ್ತು ನಿಮ್ಮ ಪ್ಲಾನಲ್ಲಿ ಫಸ್ಟ್ ಏನು ಹೋಗ್ಬೇಕಿತ್ತು?"

"ಶೂ ರ‍್ಯಾಕ್. ಹೊಸ ಮನೆಗೆ ಬಂದವರು ಎಲ್ಲೆಲ್ಲೋ ಚಪ್ಪಲಿ ಬಿಡಬಾರದಲ್ಲ."

"ಹೋಯ್ತಾ ಫಸ್ಟ್?"

ಹೋಗಿರಲಿಲ್ಲ ಎಂದು ಒಪ್ಪಬೇಕಾಯಿತು. ಶೂ ರ‍್ಯಾಕ್ ಕೊನೆಗೆ ಹೋಗಿತ್ತು. ನಿಜ ಹೇಳಬೇಕೆಂದರೆ ಮರುದಿನ ಹೋಗಿತ್ತು.

ಮತ್ತೆ ಇಷ್ಟು ಬೇಗ ಮುಗಿದದ್ದು ಹೇಗೆ ಎಂದು ಅವಳು ಅಡುಗೆಮನೆಯ ಕಡೆ ತಿರುಗಿ ಅಜ್ಜಿಯನ್ನು ಕೇಳಿದಳು. ಫಿಲೋಮಿನಾ ಮೀನಿನ ಪೊರೆ ತೆಗೆಯುತ್ತಿದ್ದವಳು ತಲೆ ಎತ್ತದೆ ಹೇಳಿದಳು. ಪಿಕಪ್ಪಿನ ಪಠಾಣನಿಗೆ ಜುಮಾ ತಪ್ಪಿಸುವ ಮನಸ್ಸಿರಲಿಲ್ಲ, ಅದಕ್ಕೇ ಅವನು ಕಪಾಟನ್ನು ಒಬ್ಬನೇ ಹೊತ್ತು ಓಡಿದ. ಅವತ್ತೇ ಹಳೆಯ ಕಟ್ಟಡದ ಲಿಫ್ಟನ್ನು ರಿಪೇರಿಗೆ ನಿಲ್ಲಿಸುತ್ತೇವೆಂದು ವಾಚ್‌ಮನ್ ಹೆದರಿಸಿದ್ದ. ಅಲ್ಲದೆ ಸಾಗಿಸಲು ಇದ್ದದ್ದಾದರೂ ಎಷ್ಟು? ನಾನು ಬೆಳಗಿನ ವಾಕಿಂಗಿಗೆ ಹೋದಾಗಲೆಲ್ಲ ಅವಳೂ ಹಮೀದರ ಹೆಂಡತಿ ಜುಬೈದಾಳೂ ಸೇರಿ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ನಮ್ಮ ಅರ್ಧ ಮನೆಯನ್ನು ಮೊದಲೇ ಜುಬೈದಾಳ ಮನೆಗೆ ಸಾಗಿಸಿ ಇಟ್ಟಿದ್ದರು. ಹಮೀದರು ಎರಡು ವಾರ ನಮ್ಮ ಇಡ್ಲಿ ಬೇಯಿಸುವ ಅಟ್ಟದ ಪಕ್ಕದಲ್ಲಿ ಮಲಗಿದ್ದರಂತೆ. ಅನಿಶಾ ನನ್ನ ಕಡೆ ನೋಡಿ, ಬಹಳ ಮೃದುವಾಗಿ, "ತಳ್ಳುಗಾಡಿ ಈಸ್ ದ ಕುದುರೆಗಾಡಿ, ಗ್ರ್ಯಾಂಪಾ," ಎಂದಳು. "ಮತ್ತೆ ನೀವು ಅವತ್ತು ಎಂತ ಮಾಡಿದ್ದು?"

ಸೀಟಿ ಊದಿದ್ದೆ. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವುದು ಬೇಡವೆನಿಸಿತು.

ಇಂಥ ಅವಮಾನದ ಕಾಲದಲ್ಲೇ ಹಮೀದರಿಗೆ ಕಷ್ಟ ಬಂತು. ಬೇರೆಯವರ ಕಷ್ಟದಲ್ಲಿ ನನ್ನ ಅವಕಾಶ ಕಂಡದ್ದಕ್ಕೆ ದೇವರು ಕ್ಷಮಿಸಲಿ. ಅವರ ಮಗಳು ರಂಸೀನಾಳಿಗೆ ಒಂದು ಸಂಬಂಧ ಕೂಡಿಬರುವುದರಲ್ಲಿತ್ತು. ಹುಡುಗ ಅವಳ ಆಫೀಸಿನವನೇ, ಇಬ್ಬರಿಗೂ ಒಪ್ಪಿಗೆ, ಗಂಡಸರಿಗೆಲ್ಲ ಒಪ್ಪಿಗೆ. ಉಳಿದದ್ದು ಹುಡುಗನ ತಾಯಿ. ಆಕೆ ದೋಹಾದ ಪಕ್ಕದ ವಕ್ರಾದಲ್ಲಿ ಬಹಳ ವರ್ಷಗಳಿಂದ ಇರುವವರು, ಕಣ್ಣು ಚೂಪು. ಹಿಂದೆ ಒಂದು ಮನೆಗೆ ಹೆಣ್ಣು ನೋಡಲು ಹೋಗಿ, ಅಲ್ಲಿ ಕರ್ಟನ್ನಿಗೂ ಸೋಫಾಕ್ಕೂ ಜಗಳ ನಡೆಯುತ್ತಿದೆ ಎಂದು ಹೇಳಿ ಎದ್ದು ಬಂದಿದ್ದರಂತೆ. ಅಂಥವರು ರಂಜಾನಿನ ಒಂದು ಸಂಜೆ ಇಫ್ತಾರಿಗೆ ಬರುತ್ತೇವೆ ಎಂದು ದಿನ ಕೊಟ್ಟರು. ಹಮೀದರ ಫ್ಲ್ಯಾಟಿನ ಹಾಲಿನಲ್ಲಿ, ಸರಿಯಾಗಿ ಸೋಫಾದ ಮೇಲೆ, ಮೇಲಿನ ಬಾತ್‌ರೂಮಿನ ನೀರು ಇಳಿದು ಛಾವಣಿಗೆ ಆಫ್ರಿಕಾ ಖಂಡದ ಆಕಾರದ ಕಲೆ ಬಿದ್ದಿದೆ. ಬಣ್ಣ ಬಳಿದಷ್ಟೂ ಆಫ್ರಿಕಾ ದೊಡ್ಡದಾಗುತ್ತದೆ. ಹಮೀದರು ಆಗಲೇ ಅಲ್ ಗರಾಫಾದಲ್ಲಿ ಹೊಸ ಫ್ಲ್ಯಾಟ್ ಹಿಡಿದಿದ್ದರು, ಆದರೆ ಕೀ ಸಿಗುವುದು ಇಫ್ತಾರಿನ ದಿನ ಬೆಳಿಗ್ಗೆಯೇ. ಸಂಜೆಯೊಳಗೆ ಶಿಫ್ಟ್ ಆಗಿ ಹೊಸ ಮನೆಯಲ್ಲೇ ಬೀಗರನ್ನು ಕೂರಿಸಿದರೆ ಮಗಳ ಮದುವೆ ಆದಂತೆಯೇ. ಆಗದಿದ್ದರೆ ಆಫ್ರಿಕಾ.

ಉಪವಾಸದ ದಿನ, ಒಂದೇ ಮಧ್ಯಾಹ್ನ, ಇದು ಆಗುವ ಕೆಲಸವಲ್ಲ ಎಂದು ಅವರು ತಲೆ ಮೇಲೆ ಕೈ ಹೊತ್ತಿದ್ದಾಗ ನಾನು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಮೂರನೇ ಮಹಡಿಗೆ ಹೋದೆ. ನನ್ನ ಮೇಲೆ ಬಿಡಿ ಬ್ಯಾರಿಗಳೇ ಎಂದೆ. ಅವರು ಸೀಟಿಯನ್ನು ನೋಡಿದರು. "ಬೇಡ ಅಂತ ಅಲ್ಲ ಪೊರ್ಬುಗಳೇ," ಎಂದರು, "ಮಗಳ ಲೈಫ್ ಮಾರಾಯ್ರೆ ಇದು. ಫೋರ್ಕಿನ ಹಾಗೆ ಅಲ್ಲ." ಆದರೆ ಬೇರೆ ಯಾರೂ ಸಿಗಲಿಲ್ಲ, ಹಾಗಾಗಿ ಒಪ್ಪಿದರು. ನಾನು ಅನಿಶಾಳಿಗೆ, ಬಾ, ಬಂದು ಕಣ್ಣಾರೆ ನೋಡು, ಚರ್ಚೆಗೆ ಮೊದಲು ಪಕ್ಷ ಬದಲಾಯಿಸುವ ಕಾಗದ ಬರೆದಿಟ್ಟುಕೊ ಎಂದೆ.

ಈ ಸಲ ಸಿದ್ಧಾಂತಕ್ಕೆ ಸ್ವಲ್ಪವೂ ಲೋಪ ಬರಬಾರದೆಂದು ಗಟ್ಟಿ ಮಾಡಿಕೊಂಡೆ. ಹಳೆಯ ಪಠಾಣನನ್ನೇ ಹುಡುಕಿ ಕರೆಸಿದೆ. ಪಿಕಪ್ಪಿನ ಮೊದಲ ಟ್ರಿಪ್ಪಿನಲ್ಲಿ ಬಲವಾದ ದಳ: ಸೋಫಾ, ಊಟದ ಮೇಜು, ಫ್ರಿಜ್ಜು, ಮಂಚಗಳು, ಕರ್ಟನ್, ಜೊತೆಗೆ ಗ್ಯಾಸ್ ಸಿಲಿಂಡರ್, ಇಂಧನ ಯಾವಾಗಲೂ ಮುಂಚೂಣಿಯಲ್ಲಿ ಇರಬೇಕು. ಎರಡನೇ ಟ್ರಿಪ್ಪಿನಲ್ಲಿ ಅಡುಗೆ ಪಾತ್ರೆ, ಮಾಡಿಟ್ಟ ಅಡುಗೆ, ಹೆಂಗಸರು. ಚಲನೆಯ ಹೊತ್ತಿನಲ್ಲಿ ಯಾರೂ ಕಮಾಂಡರನಿಗೆ ಫೋನ್ ಮಾಡಬಾರದು. ಹೊಸ ಮನೆಯ ಕೀ ನನ್ನ ಜೇಬಿನಲ್ಲಿ, ನನ್ನ ಫೋನು ಪಿಕಪ್ಪಿನ ಡ್ಯಾಶ್‌ಬೋರ್ಡಿನ ಒಳಗೆ, ಬಾಯಿ ಮುಚ್ಚಿಕೊಂಡು. ಫಿಲೋಮಿನಾ ಒಮ್ಮೆ ನಡುವೆ ಬಂದು, "ಕೇಳಿತಾ? ಗಂಜಿ ಇನ್ನೂ ಬೇಯ್ಲಿಕ್ಕೆ ಉಂಟು. ಸಿಲಿಂಡರ್ ಈಗ ಯಾಕೆ?" ಎಂದಳು. ಯುದ್ಧ ಶುರುವಾದ ಮೇಲೆ ಗಂಜಿಯ ವಿಷಯ ಎತ್ತಬಾರದು ಎಂದು ನಾನು ಹೇಳಿದೆ. ಅವಳು ಏನೂ ಹೇಳಲಿಲ್ಲ. ಅವಳು ಏನೂ ಹೇಳದೆ ಇದ್ದಾಗ ನಾನು ಎಚ್ಚರವಾಗಿರಬೇಕು ಎಂಬುದು ನಲವತ್ತು ವರ್ಷದ ಸಂಸಾರದಲ್ಲಿ ನಾನು ಕಲಿಯಬೇಕಾಗಿದ್ದ ಪಾಠ.

ಹೋಗಿ ಬರಲು ಎಷ್ಟು ಹೊತ್ತು ಎಂದು ಹಮೀದರು ಕೇಳಿದರು. ಅಲ್ ಸದ್ದಿನಿಂದ ಅಲ್ ಗರಾಫಾಕ್ಕೆ ಹತ್ತು ನಿಮಿಷ ಎಂದೆ, ಕಣ್ಣು ಮಿಟುಕಿಸದೆ. ಇದು ಸುಳ್ಳಲ್ಲ. ಇಷ್ಟು ವರ್ಷ ದೋಹಾದ ರಸ್ತೆಗಳನ್ನು ನಾನು ಅಳೆದದ್ದು ನನ್ನ ಬಸ್ಸುಗಳಿಂದ. ನನ್ನ ಬಸ್ಸುಗಳು ಓಡಿದ್ದು ಕೋಳಿಗಳೂ ಏಳದ ಹೊತ್ತಿನಲ್ಲಿ, ಸಿಗ್ನಲ್ ದೀಪಗಳು ಯಾರಿಗೂ ಅಲ್ಲದೆ ತಮ್ಮಷ್ಟಕ್ಕೆ ಕೆಂಪು ಹಸಿರು ಆಗುವ ಹೊತ್ತಿನಲ್ಲಿ. ರಂಜಾನಿನಲ್ಲಿ ಸೂರ್ಯ ಮುಳುಗಿ ಉಪವಾಸ ಬಿಡುವ ಮಗ್ರಿಬ್ ಬಾಂಗಿಗೆ ಮುಂಚಿನ ಹೊತ್ತು ಹಾಗಲ್ಲ. ಆಗ ಊರಿನಲ್ಲಿರುವ ಪ್ರತಿಯೊಬ್ಬನೂ ತನ್ನ ಮನೆಯ ಖರ್ಜೂರದ ಕಡೆ ಮುಖ ಮಾಡಿ ಸ್ಟೀರಿಂಗ್ ಹಿಡಿದಿರುತ್ತಾನೆ. ನಿಜವಾದ ಮಿಂಚಿನ ಯುದ್ಧ ನೋಡಬೇಕೆಂದರೆ ಆಗ ನೋಡಬೇಕು. ಇದು ನನಗೆ ಗೊತ್ತಿರಲಿಲ್ಲವೇ ಎಂದರೆ ಗೊತ್ತಿತ್ತು. ಆ ಹೊತ್ತಿನಲ್ಲಿ ನಾನು ಯಾವಾಗಲೂ ಮನೆಯೊಳಗೆ ಚಪ್ಪಲಿ ಜೋಡಿಸುತ್ತ ಇರುತ್ತಿದ್ದೆ, ಅಷ್ಟೆ.

ಮೊದಲ ಟ್ರಿಪ್ಪಿನ ಸಾಮಾನು ಹೇರುವಷ್ಟರಲ್ಲಿ ಸಂಜೆ ಹತ್ತಿರವಾಗಿತ್ತು. ಸೀಟಿ ಊದಿ ಹೊರಟೆವು. ಪಠಾಣ, ಅವನ ಇಬ್ಬರು ಜನ, ನಾನು. ಮೊದಲ ಸಿಗ್ನಲ್‌ವರೆಗೆ ನಾವು ಬಾಣವೇ. ಆಮೇಲೆ ಬಾಣ ಬಸವನ ಹುಳುವಾಯಿತು. ಒಂದು ಸಿಗ್ನಲ್ಲಿನಲ್ಲಿ ಹಸಿರು ದೀಪ ಎಷ್ಟು ಸಲ ಬಂದು ಹೋಯಿತೆಂದರೆ ಪಠಾಣ ಅದಕ್ಕೆ ಸಲಾಂ ಹೇಳಲು ಶುರುಮಾಡಿದ. ಇಫ್ತಾರಿಗೆ ಮನೆ ಸೇರಲಾಗದವರಿಗೆಂದು ಸಿಗ್ನಲ್ಲಿನಲ್ಲಿ ಖರ್ಜೂರ, ನೀರು, ಮಜ್ಜಿಗೆಯ ಪೊಟ್ಟಣ ಹಂಚುವ ಸ್ವಯಂಸೇವಕರು ಕಿಟಕಿಗೆ ಬಂದರು. ನಾವು ಮನೆ ಸೇರುವವರು, ನಮಗೆ ಬೇಡ ಎಂದು ನಾನು ಕೈ ಅಲ್ಲಾಡಿಸಿದೆ. ಪಠಾಣ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ನಾಲ್ಕು ಪೊಟ್ಟಣ ತೆಗೆದುಕೊಂಡ. ಇಡೀ ಕಾರ್ಯಾಚರಣೆಯಲ್ಲಿ ಮುಂದಾಲೋಚನೆಯಿಂದ ನಡೆದ ಕೆಲಸ ಅದೊಂದೇ.

ಹೊಸ ಫ್ಲ್ಯಾಟ್ ತಲುಪಿ ಸಾಮಾನು ಇಳಿಸಿದೆವು. ಶಿಸ್ತು ಎಂದರೆ ಶಿಸ್ತು: ಸೋಫಾ ಗೋಡೆಗೆ ಸಮ, ಮೇಜು ನಡುವೆ, ಕರ್ಟನ್ ತೂಗುಹಾಕಿದ್ದಾಯಿತು. ಎರಡೂ ಒಂದೇ ಬಣ್ಣ, ಜಗಳವಿಲ್ಲ. ಬಾಗಿಲಲ್ಲಿ ನಿಂತು ಎರಡನೇ ಟ್ರಿಪ್ಪಿಗೆ ಸೀಟಿ ಊದಿದೆ. ಪಠಾಣ ಕಿಟಕಿಯ ಹೊರಗೆ ಕೆಂಪಾಗುತ್ತಿದ್ದ ಆಕಾಶವನ್ನು ತೋರಿಸಿ, "ಹಾಜಿ ಸಾಬ್, ಅಬ್ ಕಹಾಂ ವಾಪಸ್," ಎಂದ, ಇನ್ನೆಲ್ಲಿಗೆ ವಾಪಸ್ಸು ಹೋಗುವುದು ಎಂಬಂತೆ. ನಾನು ಹಾಜಿಯಲ್ಲ ಎಂದು ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗ್ಯಾಸ್ ಸಿಲಿಂಡರ್ ಎಲ್ಲಿ ಎಂದು ಕೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಸಿಲಿಂಡರ್ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮಸೀದಿಯಿಂದ ಬಾಂಗು ಕೇಳಿಸಿತು. ನಾನು, ಪಠಾಣ, ಅವನ ಇಬ್ಬರು ಜನ ಹಮೀದರ ಊಟದ ಮೇಜಿನ ನಾಲ್ಕು ಕಡೆ ಕೂತು ಸಿಗ್ನಲ್ಲಿನ ಖರ್ಜೂರ ತಿಂದೆವು. ಅವರ ಎದುರು ತಿನ್ನುವುದು ಹೇಗೆಂದು ನಾನೂ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಟಿವಿಯ ಬಾಣಗಳು ಪ್ಯಾರಿಸ್ ತಲುಪಿದಾಗ ಅಲ್ಲಿ ಕೊನೆಯ ಪಕ್ಷ ಸೋತವರಾದರೂ ಇದ್ದರು. ನಮ್ಮ ಪ್ಯಾರಿಸ್ಸಿನಲ್ಲಿ ಯಾರೂ ಇರಲಿಲ್ಲ.

ಪಿಕಪ್ಪಿಗೆ ಇಳಿದು ಬಂದು ಫೋನು ತೆಗೆದು ನೋಡಿದರೆ ಹಮೀದರ ಕರೆಗಳು ತುಂಬಿದ್ದವು. ತಿರುಗಿ ಮಾಡಲು ಧೈರ್ಯ ಬರಲಿಲ್ಲ. ಬೀಗರು ಇಲ್ಲಿಗೆ ಬರಲಿಲ್ಲ ಎಂದರೆ ಹಳೆಯ ಮನೆಗೇ ಹೋಗಿರುತ್ತಾರೆ, ಅಲ್ಲಿ ಕೂರಲು ಕುರ್ಚಿಯಿಲ್ಲ, ತಲೆಯ ಮೇಲೆ ಆಫ್ರಿಕಾ. ರಂಸೀನಾ ನಮ್ಮ ಮನೆಯಲ್ಲೇ ಅರ್ಧ ಬೆಳೆದ ಹುಡುಗಿ, ಫಿಲೋಮಿನಾಳ ಕೈಯ ಸಣ್ಣಕ್ಕಿ ಗಂಜಿ ಕುಡಿದವಳು. ನನ್ನ ಬಾಣಕ್ಕೆ ಅವಳ ಮದುವೆ ಸಿಕ್ಕಿಕೊಂಡಿತಲ್ಲ ಎಂದು ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ. ಪಠಾಣ ಪಿಕಪ್ ಹೊರಡಿಸಿದ. ಆಗ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಊರೆಲ್ಲ ಇಫ್ತಾರಿಗೆ ಕೂತಿತ್ತು. ಅಲ್ ಗರಾಫಾದಿಂದ ಅಲ್ ಸದ್ದಿಗೆ ಸರಿಯಾಗಿ ಹತ್ತು ನಿಮಿಷ. ನನ್ನ ಟೈಮ್‌ಟೇಬಲ್ ಸರಿಯಾಗಿಯೇ ಇತ್ತು, ದಿಕ್ಕು ಮಾತ್ರ ತಪ್ಪಿತ್ತು.

ಮೂರನೇ ಮಹಡಿಯ ಮೆಟ್ಟಿಲಲ್ಲೇ ನಗು ಕೇಳಿಸಿತು. ಖಾಲಿ ಮನೆಯಾದ್ದರಿಂದ ಒಂದು ನಗು ನಾಲ್ಕಾಗಿ ಕೇಳುತ್ತಿತ್ತು. ಒಳಗೆ ನೋಡಿದರೆ ಹಾಲಿನ ನೆಲಕ್ಕೆ ಪ್ಯಾಕಿಂಗಿನ ಕಂದು ಕಾಗದ ಹಾಸಿ, ಅದರ ಮೇಲೆ ನಮ್ಮ ಮನೆಯ ಚಾಪೆ ಹಾಸಿ, ಎಲ್ಲರೂ ಸುತ್ತ ಕೂತಿದ್ದರು. ನಡುವೆ ಜೀರಿಗೆ ಗಂಜಿಯ ದೊಡ್ಡ ಪಾತ್ರೆ, ಸಮೋಸ, ಪತ್ತಿರ್ ಎನ್ನುವ ಅಕ್ಕಿ ರೊಟ್ಟಿ, ಕೋಳಿ ಗಸಿ, ಎಲ್ಲ ಬಿಸಿಬಿಸಿ. ಹುಡುಗನ ತಾಯಿ ಕಾಲು ಮಡಚಿ ಕೂತು ಎರಡನೇ ಬಟ್ಟಲು ಗಂಜಿ ಕುಡಿಯುತ್ತಿದ್ದರು. ನಾನು ಹೊಸಿಲಲ್ಲಿ ನಿಂತದ್ದೂ ಅವರು ಛಾವಣಿಯ ಕಡೆ ಕಣ್ಣೆತ್ತಿದ್ದೂ ಒಟ್ಟಿಗೇ ಆಯಿತು. ಹಮೀದರು ಕಣ್ಣು ಮುಚ್ಚಿದರು. ಆಕೆ ಕಲೆಯನ್ನು ನೋಡಿ, "ನಮ್ಮ ಹಾಲಲ್ಲೂ ಉಂಟು ಇದು," ಎಂದರು. "ನಮ್ಮದು ಸೌತ್ ಅಮೆರಿಕಾದ ಹಾಗೆ. ಯಾರಾದ್ರೂ ಬಂದ್ರೆ ನಾನು ಅವರನ್ನು ಮೇಲೆ ನೋಡ್ಲಿಕ್ಕೇ ಬಿಡುದಿಲ್ಲ, ತಿನ್ನಿ ತಿನ್ನಿ ಅಂತ ಹೇಳ್ತಾ ಇರ್ತೇನೆ." ಇಷ್ಟು ವರ್ಷ ಗಲ್ಫಿನಲ್ಲಿ ಎಲ್ಲರ ಮನೆಗೆ ಹೋದರೂ ಬರೀ ಸೋಫಾವನ್ನೇ ನೋಡಿ ಬಂದಂತಾಗುತ್ತಿತ್ತು, ಇವತ್ತು ಜನರನ್ನು ನೋಡಿದೆ ಎಂದೂ ಹೇಳಿದರು. ಆಮೇಲೆ ರಂಸೀನಾಳನ್ನು ಪಕ್ಕಕ್ಕೆ ಕರೆದು ಕೂರಿಸಿ, ಅವಳ ಬಟ್ಟಲಿಗೆ ತಾವೇ ಗಂಜಿ ಬಡಿಸಿದರು. ಅಲ್ಲಿಗೆ ಮದುವೆ ಖಲಾಸ್, ಒಳ್ಳೆಯ ಅರ್ಥದಲ್ಲಿ.

ಹುಡುಗನ ತಂದೆ ಮಾತ್ರ ಇನ್ನೂ ಗೊಂದಲದಲ್ಲಿದ್ದರು. ಇಡೀ ಮನೆ ಖಾಲಿ, ಅಡುಗೆ ಮಾತ್ರ ರೆಡಿ, ಇದೇನು ಸಂಗತಿ ಎಂದು ಕೇಳಿದರು. ಹಮೀದರ ಕಣ್ಣು ಬಾಗಿಲಲ್ಲಿದ್ದ ನನ್ನ ಮೇಲೆ ಬಿತ್ತು. ಮಗಳ ಮನೆತನದ ಮರ್ಯಾದೆ ಒಂದು ವಾಕ್ಯದ ಮೇಲೆ ನಿಂತಿತ್ತು. ಅವರು ಗಂಟಲು ಸರಿಮಾಡಿಕೊಂಡು, "ಅದು ನಮ್ಮ ಪೊರ್ಬುಗಳ ಸಿಸ್ಟಮ್," ಎಂದರು. "ಮೊದಲು ಸಾಮಾನು ತೆಗೆದು ಮನೆಯನ್ನು ಅಗಲ ಮಾಡುದು. ಆಮೇಲೆ ಗೆಸ್ಟು. ಅಡಿಗೆಮನೆ ಲಾಸ್ಟಿಗೆ. ಇಡೀ ದೋಹಾದಲ್ಲಿ ಫೇಮಸ್."

ಹುಡುಗನ ತಂದೆ ಎದ್ದು ಬಂದು ನನ್ನ ಕೈ ಕುಲುಕಿದರು. ಅವರ ತಮ್ಮನ ಮನೆಯೂ ಮುಂದಿನ ತಿಂಗಳು ಶಿಫ್ಟ್ ಆಗಲಿಕ್ಕುಂಟು, ಸ್ವಲ್ಪ ಸಲಹೆ ಕೊಡಬೇಕು ಎಂದರು. ನಾನು ಏನು ಹೇಳಬೇಕಿತ್ತು ಎಂಬುದು ನನಗೆ ಗೊತ್ತು. ಆದರೆ ಹಸಿವಾಗಿತ್ತು, ಗಂಜಿ ಬಿಸಿಯಿತ್ತು, ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಚಾಪೆಯ ಮೇಲೆ ಕೂತು ಎರಡು ಸಮೋಸಗಳನ್ನು ಬಾಣದ ಹಾಗೆ ಇಟ್ಟು, "ನೋಡಿ, ಮುಖ್ಯ ತತ್ವ ಏನೆಂದರೆ," ಎಂದು ಶುರುಮಾಡಿದೆ. ಅಡುಗೆಮನೆಯ ಬಾಗಿಲಲ್ಲಿ ಜುಬೈದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಪಕ್ಕದಲ್ಲಿ ಫಿಲೋಮಿನಾ ಎಂದಿನ ಹಾಗೆ ಏನೂ ಹೇಳದೆ ನಿಂತಿದ್ದಳು. ಅವರ ಹಿಂದೆ, ಒಲೆಯ ಪಕ್ಕದಲ್ಲಿ, ಸಿಲಿಂಡರ್ ನಿಂತಿತ್ತು.

ಮನೆಗೆ ಇಳಿಯುವಾಗ ಅನಿಶಾ ಎಲ್ಲವನ್ನೂ ವಿವರಿಸಿದಳು. ನಾನು ಕರ್ಟನ್ ಎಣಿಸುತ್ತಿದ್ದಾಗ ಅಜ್ಜಿಯೇ ಸಿಲಿಂಡರನ್ನು ಪಿಕಪ್ಪಿನಿಂದ ಇಳಿಸಿ, ಕಂಬಳಿ ಹೊದಿಸಿ, ಲಿಫ್ಟಿನಲ್ಲಿ ವಾಪಸ್ ಕಳಿಸಿದ್ದಳಂತೆ. ಆಮೇಲೆ ಅಜ್ಜಿಯೂ ಜುಬೈದಾಂಟಿಯೂ ಸೂರ್ಯನನ್ನು ಒಮ್ಮೆ ನೋಡಿ, ಪೊರ್ಬುಗಳು ಇವತ್ತು ಬರುವುದಿಲ್ಲ, ಯಲ್ಲಾ, ನಡಿ, ಇಲ್ಲೇ ಮಾಡುವ ಎಂದು ನಿಶ್ಚಯಿಸಿ ಬೀಗರಿಗೆ ಹಳೆಯ ವಿಳಾಸಕ್ಕೇ ಬರಲು ಹಮೀದರ ಕೈಯಿಂದ ಫೋನ್ ಮಾಡಿಸಿದ್ದರಂತೆ. ಆಜ್ಞೆ ಮೀರಿದ್ದು ಎಂದು ನಾನು ಗೊಣಗಿದೆ. ಮೇಲಿನವರ ಮಾತು ಕೇಳದ ಅಧಿಕಾರಿಗಳೇ ಗೆಲ್ಲಿಸಿದ್ದು ಎಂದು ನಾನು ಆವತ್ತೇ ಹೇಳಿದೆನಲ್ಲ ಗ್ರ್ಯಾಂಪಾ ಎಂದಳು.

ಚರ್ಚೆಯಲ್ಲಿ ಅವಳೇ ಗೆದ್ದಳು. ನಾವೆಲ್ಲ ನೋಡಲು ಹೋಗಿದ್ದೆವು. ಪತ್ರಿಕೆಗಳು, ಕುದುರೆಗಾಡಿ, ರಷ್ಯಾದ ಹಿಮ ಎಲ್ಲ ಹೇಳಿ ಮುಗಿಸಿದ ಮೇಲೆ ಎದುರು ಪಕ್ಷದ ಹುಡುಗ ಎದ್ದು, ಹಾಗಾದರೆ ಸಿದ್ಧಾಂತ ಎಂದರೆ ಏನೆಂದು ನೀವೇ ಹೇಳಿ ಎಂದು ಕೆಣಕಿದ. ಅವಳು ಸಭೆಯ ಕಡೆ ನೋಡಿದಳು. ಅಜ್ಜಿ ಕೆಲಸ ಮುಗಿಸಿದ ಮೇಲೆ ಅಜ್ಜ ಕೊಡುವ ವಿವರಣೆಗೆ ನಮ್ಮ ಮನೆಯಲ್ಲಿ ಸಿದ್ಧಾಂತ ಎನ್ನುತ್ತೇವೆ ಎಂದಳು, ಇಂಗ್ಲಿಷಿನಲ್ಲಿ, ಬಹಳ ಸ್ಪಷ್ಟವಾಗಿ. ಸಭೆ ಚಪ್ಪಾಳೆ ತಟ್ಟಿತು. ಫಿಲೋಮಿನಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಬಹುಮಾನ ಹಿಡಿದು ಕೆಳಗಿಳಿದ ಅವಳಿಗೆ ನಾನು, ನೋಡು, ನನ್ನ ಹತ್ತಿರ ಅಭ್ಯಾಸ ಮಾಡಿದ್ದಕ್ಕೆ ನಿನಗೆ ಇಷ್ಟು ವಾದ ಬಂತು ಎಂದು ಹೇಳಿದ್ದು ನಿಜ. ಅವಳು ಉತ್ತರ ಕೊಡದೆ ನನ್ನನ್ನು ಅಪ್ಪಿಕೊಂಡಳು. ಬುದ್ಧಿವಂತ ಹುಡುಗಿ, ಅಜ್ಜಿಯ ಹಾಗೆ.

ಈಗ ಬೀಗರ ತಮ್ಮನ ಮನೆಯ ಶಿಫ್ಟಿಂಗ್ ಹತ್ತಿರ ಬಂದಿದೆ. ಫೋನಿನಲ್ಲಿ ಅವರು ಬಹಳ ವಿನಯದಿಂದ, ನಿಮ್ಮ ಸಿದ್ಧಾಂತ ಏನೆಂದು ಒಂದು ಚಿತ್ರ ಬರೆದು ಕಳಿಸಿ ಎಂದು ಕೇಳಿದ್ದಾರೆ. ಒಳ್ಳೆಯ ದಪ್ಪ ಕಾಗದ ತಂದು ಬಾಣಗಳನ್ನು ಹಾಕಿದ್ದೇನೆ. ಸೋಫಾಕ್ಕೆ ಒಂದು, ಕಪಾಟಿಗೆ ಒಂದು, ಶೂ ರ‍್ಯಾಕಿಗೆ ಎಲ್ಲಕ್ಕಿಂತ ದಪ್ಪದ್ದು. ಗ್ಯಾಸ್ ಸಿಲಿಂಡರಿನ ಹತ್ತಿರ ಮಾತ್ರ ಬಾಣ ಹಾಕಿಲ್ಲ. ಗುರಿಯನ್ನು ಹೇಳಿ ದಾರಿಯನ್ನು ಸ್ಥಳದಲ್ಲಿರುವ ಹೆಂಗಸರ ಬುದ್ಧಿಗೆ ಬಿಡುವುದು ನಮ್ಮ ಸಿದ್ಧಾಂತದ ತಳಹದಿ. ಅದು ಮೊದಲಿನಿಂದಲೂ ಇತ್ತು.